ಕಂಠ ಯಾರದು, ವೇಷ ಯಾರದು?

ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಶಾಸ್ತ್ರೀಯವಾಗಿ ಕಲಿತ ಗಾಯಕ ಗಾಯಕಿಯರು ಹಾಡಿದ ಒಪೆರಾ ಹಾಡುಗಳ ಬಗ್ಗೆ ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಕಾರವಾರದ ದಂಡೆಯಿಂದ ಹಿಡಿದು ಘಟ್ಟದ ಮೇಲಿನ ಸಿದ್ದಾಪುರದವರೆಗೆ ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಸುತ್ತಿ ಬಳಸಿ ಹೆಚ್ಚಿನವರು ಕೇಳಿರುವುದು ಒಂದೇ ಮಾತು: ತೆರೆಯ ಮೇಲೆ ಬಾಯಿ ತೆರೆದವರೇ ಹಾಡಿದವರೋ, ಅಥವಾ ಹಾಡಿದವರು ಬೇರೆಯೋ? ಆದ್ದರಿಂದ ಈ ಸಲದ ಪುಟವನ್ನು ಇಡಿಯಾಗಿ ಈ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಮೊದಲಿಗೆ ಒಂದು ಶಬ್ದದ ಅರ್ಥ ಹೇಳಿಬಿಡುತ್ತೇನೆ. ಒಪೆರಾ ಎಂದರೆ ಬಹುಮಟ್ಟಿಗೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಕಥೆ ಒಂದು ಗಳಿಗೆ ನಿಂತು, ಪಾತ್ರವೊಂದು ತನ್ನ ಒಡಲ ಸಂಕಟವನ್ನೋ ಸಂತೋಷವನ್ನೋ ಒಬ್ಬಂಟಿಯಾಗಿ ಹಾಡಿಕೊಳ್ಳುವ ಭಾಗಕ್ಕೆ ಆರಿಯಾ ಎನ್ನುತ್ತಾರೆ. ಹಾಲಿವುಡ್ ಮಾಡಿದ್ದೆಂದರೆ, ಇಡೀ ಪ್ರಸಂಗವನ್ನು ಬಿಟ್ಟು ಜನ ಕಾಯುವ ಒಂದೇ ಒಂದು ಪದ್ಯವನ್ನು ಎತ್ತಿಕೊಂಡು, ಅದನ್ನು ಬೇರೆಯೇ ಒಂದು ಪ್ರೇಮಕಥೆಯ ನಡುವೆ ಕೂರಿಸಿದ್ದು.

ಪ್ರಶ್ನೆ: ಮಗ ಮೊಬೈಲಿನಲ್ಲಿ ಹಾಕಿಕೊಟ್ಟ ‘ದಿ ಗ್ರೇಟ್ ಕರುಸೊ’ ಎಂಬ ಹಳೆಯ ಬಣ್ಣದ ಚಿತ್ರವನ್ನು ನೋಡಿದೆ. ನಾಯಕನ ಎದೆ ಏರಿಳಿಯುವುದನ್ನೂ ಕುತ್ತಿಗೆ ಬಿಗಿಯುವುದನ್ನೂ ಕಂಡು, ಇವನೇ ಹಾಡಿದ್ದಾನೆ ಎಂದು ನಾನು. ನಮ್ಮ ಚಿತ್ರಗಳಂತೆ ಬೇರೆ ಯಾರೋ ಹಿನ್ನೆಲೆಯಲ್ಲಿ ಹಾಡಿದ್ದಾರೆ ಎಂದು ನಮ್ಮ ಮನೆಯವರು. ಯಾರು ಸರಿ?
— ಓದುಗಿ, ಕುಮಟಾ

ಉತ್ತರ: ವಾದದಲ್ಲಿ ಗೆದ್ದವರು ನೀವೇ, ತಾಯಿ. ಆದರೆ ಮನೆಯವರೂ ಪೂರ್ತಿ ಸೋತಿಲ್ಲ. ಇಟಲಿಯ ಹೆಸರಾಂತ ಒಪೆರಾ ಗಾಯಕ ಎನ್ರಿಕೊ ಕರುಸೊ ಅವರ ಬದುಕನ್ನು ಆಧರಿಸಿದ 1951ರ ಆ ಚಿತ್ರದಲ್ಲಿ ಕರುಸೊ ಪಾತ್ರ ಮಾಡಿದವರು ಮಾರಿಯೊ ಲಾಂಜಾ, ಹಾಡಿದವರೂ ಅವರೇ. ಆದರೆ ನೀವು ನೋಡಿದ ಗಳಿಗೆಯೂ ಕೇಳಿದ ಗಳಿಗೆಯೂ ಒಂದಲ್ಲ. ಆ ಹೊತ್ತಿಗಾಗಲೇ ಹಾಡನ್ನು ಮೊದಲು ಧ್ವನಿಮುದ್ರಣ ಕೊಠಡಿಯಲ್ಲಿ ವಾದ್ಯವೃಂದದೊಂದಿಗೆ ಹಾಡಿಸಿ, ಆಮೇಲೆ ಚಿತ್ರೀಕರಣದ ಜಾಗದಲ್ಲಿ ದೊಡ್ಡ ಧ್ವನಿವರ್ಧಕದಿಂದ ಅದನ್ನೇ ಬಿತ್ತರಿಸಿ, ಗಾಯಕ ತನ್ನದೇ ದನಿಗೆ ತುಟಿ ಸೇರಿಸುವ ಪದ್ಧತಿ ಅಲ್ಲಿ ನೆಲೆಯೂರಿತ್ತು. ಅಂದರೆ ಲಾಂಜಾ ಆ ಚಿತ್ರದಲ್ಲಿ ತಮಗೆ ತಾವೇ ಭಾಗವತರು, ತಮಗೆ ತಾವೇ ವೇಷಧಾರಿ. ಸುಮ್ಮನೆ ತುಟಿ ಆಡಿಸಿದರೆ ಗಂಟಲಿನ ಸ್ನಾಯುಗಳು ಸುಳ್ಳು ಹೇಳಿಬಿಡುತ್ತವೆ ಎಂಬ ಕಾರಣಕ್ಕೆ, ಕ್ಯಾಮೆರಾದ ಮುಂದೆಯೂ ಬಾಯಿ ಬಿಟ್ಟು ಹಾಡುವವರು ಆ ಕಾಲದಲ್ಲಿ ಇದ್ದರು. ನಿಮ್ಮ ಕಣ್ಣು ಗುರುತಿಸಿದ್ದು ಅದನ್ನೇ ಇರಬೇಕು.

ಲಾಂಜಾ ಅವರ ಕಥೆ ವಿಚಿತ್ರವಾದದ್ದು. ಅವರು ಫಿಲಡೆಲ್ಫಿಯಾದಲ್ಲಿ ಇಟಾಲಿಯನ್ ವಲಸಿಗರ ಮನೆಯಲ್ಲಿ ಹುಟ್ಟಿದ್ದು 1921ರ ಜನವರಿಯಲ್ಲಿ. ನಿಜವಾದ ಕರುಸೊ ನೇಪಲ್ಸಿನಲ್ಲಿ ತೀರಿಕೊಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ. ಜಗತ್ತಿನ ಕೋಟ್ಯಂತರ ಜನ ಲಾಂಜಾರನ್ನು ಒಪೆರಾದ ಮಹಾಗಾಯಕನೆಂದೇ ನಂಬಿದರು. ಆದರೆ ಪೂರ್ಣ ಒಪೆರಾದಲ್ಲಿ ವೇಷ ಕಟ್ಟಿ ರಂಗದ ಮೇಲೆ ನಿಂತದ್ದನ್ನು ಬೆರಳೆಣಿಕೆಯಲ್ಲಿ ಹೇಳಬಹುದು: 1942ರಲ್ಲಿ ಟ್ಯಾಂಗಲ್‌ವುಡ್‌ನ ಬೇಸಿಗೆ ಉತ್ಸವದಲ್ಲಿ ಒಂದು ಚಿಕ್ಕ ಪಾತ್ರ, 1948ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ‘ಮದಾಮ ಬಟರ್‌ಫ್ಲೈ’ ಒಪೆರಾದ ಎರಡು ಪ್ರದರ್ಶನ. ಅದೇ ಚಿತ್ರದಲ್ಲಿ ಅವರ ಪಕ್ಕದಲ್ಲಿ ಹಾಡಿದ ಡೊರೊಥಿ ಕರ್ಸ್ಟನ್, ಬ್ಲಾಂಚ್ ಥೀಬಮ್ ಮೊದಲಾದವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ನುರಿತವರು. ಅವರೆಲ್ಲರ ನಡುವೆ ರಂಗಾನುಭವ ಕಡಿಮೆ ಇದ್ದವರು ನಾಯಕರೇ.

ಇನ್ನು ನಿಮ್ಮ ಮನೆಯವರ ಸಮಾಧಾನಕ್ಕೆ. 1954ರಲ್ಲಿ ಬಂದ ‘ದಿ ಸ್ಟೂಡೆಂಟ್ ಪ್ರಿನ್ಸ್’ ಚಿತ್ರಕ್ಕೆ ಲಾಂಜಾ ಹಾಡುಗಳನ್ನೆಲ್ಲ ಮೊದಲೇ ಹಾಡಿಟ್ಟಿದ್ದರು. ಆಮೇಲೆ ಸ್ಟುಡಿಯೊದವರೊಂದಿಗೆ ಜಗಳವಾಗಿ ಚಿತ್ರದಿಂದ ಹೊರಬಿದ್ದರು. ದನಿ ಕಂಪನಿಯ ಕೈಯಲ್ಲಿತ್ತು, ದೇಹ ಕೈತಪ್ಪಿತ್ತು. ಎಡ್ಮಂಡ್ ಪರ್ಡಮ್ ಎಂಬ ತೆಳ್ಳಗಿನ ನಟನನ್ನು ಕರೆತಂದು ಆ ದನಿಗೆ ಬಾಯಿ ಕೊಡಿಸಿದರು. ಆ ಚಿತ್ರವನ್ನು ನೋಡಿದರೆ ವಾದದಲ್ಲಿ ಅವರು ಗೆಲ್ಲುತ್ತಾರೆ. ಲಾಂಜಾ 1959ರಲ್ಲಿ ರೋಮಿನಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 38.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಕರುಸೊ ಅವರ ಬದುಕನ್ನು ಆ ಚಿತ್ರದಿಂದ ತಿಳಿದುಕೊಳ್ಳಲು ಹೋಗಬೇಡಿ. ಅವರು ವರ್ಷಗಟ್ಟಲೆ ಬಾಳ್ವೆ ನಡೆಸಿ, ಇಬ್ಬರು ಗಂಡುಮಕ್ಕಳನ್ನು ಪಡೆದ ಆದಾ ಜಿಯಾಕೆಟ್ಟಿ ಎಂಬ ಗಾಯಕಿಯ ಸುದ್ದಿಯೇ ಅದರಲ್ಲಿಲ್ಲ. ಚರಿತ್ರೆಯ ದೃಷ್ಟಿಯಿಂದ ಅದು ಸೋರುವ ಮಾಡು. ಆದರೂ ಬಾಲ್ಯದಲ್ಲಿ ಆ ಚಿತ್ರವನ್ನು ನೋಡಿಯೇ ಹಾಡುಗಾರನಾಗಬೇಕೆಂಬ ಆಸೆ ಹುಟ್ಟಿತೆಂದು ಸ್ಪೇನಿನ ಹೋಸೆ ಕರೇರಾಸ್ ಅವರಂಥ ದೊಡ್ಡ ಟೆನರ್ ಗಾಯಕರು ಹೇಳಿಕೊಂಡಿದ್ದಾರೆ. ಟೆನರ್ ಎಂದರೆ ಗಂಡುದನಿಗಳಲ್ಲಿ ಏರುಶ್ರುತಿಯದು.

ಪ್ರಶ್ನೆ: ಹತ್ತಾರು ವರ್ಷ ಮಕ್ಕಳಿಗೆ ‘ಸಾ’ ಹಚ್ಚಿಸಿದವಳು ನಾನು. ಈ ಚಿತ್ರಗಳಲ್ಲಿ ಕಣ್ಣೆದುರಿಗೆ ಮೈಕು ಇರುವ ಕಾಲದಲ್ಲಿಯೂ ಗಾಯಕರು ಊರು ಕೇಳುವಂತೆ ಕೂಗುವುದೇಕೆ? ಸ್ವರವನ್ನು ನಿಲ್ಲಿಸದೆ ಒಂದೇ ಸವನೆ ನಡುಗಿಸುವುದೇಕೆ? ಅದನ್ನು ಆ ಕಾಲದ ಯಂತ್ರಗಳು ಹೇಗೆ ಹಿಡಿದವು?
— ನಿವೃತ್ತ ಸಂಗೀತ ಶಿಕ್ಷಕಿ, ಶಿರಸಿ

ಉತ್ತರ: ಅಕ್ಕೋರೇ, ಸ್ವರವನ್ನು ಅಲುಗದಂತೆ ನಿಲ್ಲಿಸುವುದನ್ನೇ ಕಲಿಸಿದ ನಿಮ್ಮ ಕಿವಿಗೆ ಅದು ಕೂಗಾಗಿ ಕೇಳಿಸಿದರೆ ತಪ್ಪಿಲ್ಲ. ಆದರೆ ಆ ದನಿ ಮೈಕಿಗಾಗಿ ಪಳಗಿದ್ದಲ್ಲ. ನ್ಯೂಯಾರ್ಕಿನ ಹಳೆಯ ಮೆಟ್ರೊಪಾಲಿಟನ್ ಒಪೆರಾ ಮಂದಿರದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. ಗಾಯಕನ ಮತ್ತು ಪ್ರೇಕ್ಷಕನ ನಡುವಿನ ತಗ್ಗಿನಲ್ಲಿ ಪಿಟೀಲು, ತುತ್ತೂರಿ, ನಗಾರಿಗಳ ದೊಡ್ಡ ಪಡೆ. ಅದೆಲ್ಲವನ್ನೂ ದಾಟಿ, ಯಾವ ಯಂತ್ರದ ನೆರವೂ ಇಲ್ಲದೆ, ಕಟ್ಟಕಡೆಯ ಸಾಲಿಗೆ ಪಿಸುಮಾತಿನಂಥ ಸ್ವರವೂ ತಲುಪಬೇಕು.

ಇದು ಬರೀ ಶಕ್ತಿಯಿಂದ ಆಗುವ ಕೆಲಸವಲ್ಲ. ವಾದ್ಯವೃಂದದ ನಾದ ಅತ್ಯಂತ ದಟ್ಟವಾಗಿರುವುದು ಸೆಕೆಂಡಿಗೆ ಸುಮಾರು 500 ಕಂಪನಗಳ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದಂತೆ ಅದು ತೆಳುವಾಗುತ್ತದೆ. ಒಪೆರಾ ಗಾಯಕರು, ಅದರಲ್ಲೂ ಗಂಡಸರು, ಗಂಟಲಿನ ಗೂಡನ್ನು ಕೆಳಗಿಳಿಸಿ, ಬಾಯೊಳಗಿನ ಜಾಗವನ್ನು ಹಿಗ್ಗಿಸಿ, ಸುಮಾರು 3000 ಕಂಪನಗಳ ಸುತ್ತ ತಮ್ಮ ದನಿಗೆ ಒಂದು ಹೊಳಪನ್ನು ತಂದುಕೊಳ್ಳುತ್ತಾರೆ. ವಾದ್ಯಗಳು ತೆಳುವಾದ ಆ ಕಿಂಡಿಯಲ್ಲಿ ದನಿ ನುಸುಳಿ ಕಿವಿ ಮುಟ್ಟುತ್ತದೆ. ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಚಂಡೆ ಮದ್ದಳೆಗಳ ಅಬ್ಬರದ ನಡುವೆಯೂ ಏರುಶ್ರುತಿಯ ಭಾಗವತರ ಪದ್ಯ ಮೈಕಿಲ್ಲದೆ ಆಚೆ ಕೇರಿಯ ಮನೆಯ ಜಗುಲಿಗೆ ಅಕ್ಷರ ಅಕ್ಷರವಾಗಿ ಕೇಳಿಸುತ್ತಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಭಾಗವತರ ದಾರಿ ಬೇರೆ, ದನಿಯ ಬಣ್ಣ ಬೇರೆ, ಸಮಸ್ಯೆ ಮಾತ್ರ ಅದೇ.

ನಡುಗಿಸುವಿಕೆಯ ವಿಷಯ. ಸೆಕೆಂಡಿಗೆ ಐದರಿಂದ ಏಳು ಸಲ ಸ್ವರ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ತೂಗುವುದನ್ನು ಅವರು ವೈಬ್ರಾಟೊ ಎನ್ನುತ್ತಾರೆ. ನಮ್ಮ ಗಮಕ, ಆಂದೋಲನಗಳಂತೆ ಅದು ರಾಗಕ್ಕೆ, ನಿರ್ದಿಷ್ಟ ಸ್ವರಕ್ಕೆ ಕಟ್ಟುಬಿದ್ದ ಅಲಂಕಾರವಲ್ಲ. ಬಿಗಿಯಿಲ್ಲದೆ ತೆರೆದ ಕಂಠ ಉಸಿರಿನ ಮೇಲೆ ನಿಂತಾಗ ತಾನಾಗಿ ಬರುವ ತೂಗಾಟವೆಂದು ಅವರ ಗುರುಗಳು ಕಲಿಸುತ್ತಾರೆ. ಅತಿಯಾದರೆ ಅವರ ಕಿವಿಗೂ ಅದು ದೋಷವೇ.

ಈಗ ಯಂತ್ರಕ್ಕೆ ಬರೋಣ. 1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಸಹೋದರರು ‘ವೀಟಾಫೋನ್’ ಎಂಬ ವ್ಯವಸ್ಥೆಯನ್ನು ಜನರ ಮುಂದಿಟ್ಟರು. ದನಿ ಫಿಲ್ಮಿನ ಮೇಲಿರಲಿಲ್ಲ. 16 ಅಂಗುಲ ಅಗಲದ ದೊಡ್ಡ ಗ್ರಾಮಫೋನ್ ತಟ್ಟೆಯ ಮೇಲಿತ್ತು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿದ್ದರೆ, ಮುಳ್ಳು ಒಳಗಿನಿಂದ ಹೊರಗೆ ಸಾಗುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಮೇಣದ ಮೇಲೆ ಕೊರೆದ ದನಿಯನ್ನು ಕತ್ತರಿಸಿ ಜೋಡಿಸುವಂತಿಲ್ಲವಾದ್ದರಿಂದ, ಗಾಯಕ ಆದಿಯಿಂದ ಅಂತ್ಯದವರೆಗೆ ತಪ್ಪಿಲ್ಲದೆ ಒಂದೇ ಉಸಿರಿಗೆಂಬಂತೆ ಹಾಡಿ ಮುಗಿಸಬೇಕು. ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನು ಮುಚ್ಚಿದ ಗೂಡಿನೊಳಗೆ ಕೂರಿಸುತ್ತಿದ್ದರು.

ಆ ರಾತ್ರಿಯ ಕಿರುಚಿತ್ರಗಳಲ್ಲಿ ಜನರನ್ನು ಎಬ್ಬಿಸಿದ್ದು ಟೆನರ್ ಜಿಯೊವಾನ್ನಿ ಮಾರ್ಟಿನೆಲ್ಲಿ ಹಾಡಿದ ‘ವೆಸ್ತಿ ಲಾ ಜೂಬ್ಬಾ’. 1892ರ ‘ಪಾಲ್ಯಾಚಿ’ ಒಪೆರಾದ ಆರಿಯಾ ಅದು. ಊರೂರು ತಿರುಗುವ ನಾಟಕ ತಂಡದ ಕೋಡಂಗಿಯೊಬ್ಬನಿಗೆ ಆಟಕ್ಕೆ ಮುಂಚೆ ತನ್ನ ಹೆಂಡತಿ ಬೇರೊಬ್ಬನನ್ನು ಪ್ರೀತಿಸುತ್ತಿರುವುದು ತಿಳಿಯುತ್ತದೆ. ಜನ ಸೇರಿಯಾಗಿದೆ, ಆಟ ನಿಲ್ಲುವಂತಿಲ್ಲ. ಅಂಗಿ ತೊಡು, ಮುಖಕ್ಕೆ ಬಣ್ಣ ಬಳಿದುಕೋ, ನಗು ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಮ್ಮಲ್ಲಿ ಚೌಕಿಯ ದೀಪದೆದುರು ಕುಳಿತು ಬಣ್ಣ ಹಚ್ಚಿಕೊಳ್ಳುವವರನ್ನು ಕಂಡವರಿಗೆ ಈ ಹಾಡಿನ ಅರ್ಥ ಕೇಳಬೇಕಾಗಿಲ್ಲ. ಮಾರ್ಟಿನೆಲ್ಲಿ ಹಾಡಿನ ನಡುವೆ ನಗುವುದನ್ನು ಗಮನಿಸಿ: ನಗು ಎಂದು ಬಾಯಿ ಹೇಳುತ್ತದೆ, ಸ್ವರ ಏರುತ್ತಾ ಹೋಗಿ ನಗು ಅಲ್ಲೇ ಮುರಿದು ಬಿಕ್ಕಾಗುತ್ತದೆ. ಕ್ಯಾಮೆರಾ ಹೆಚ್ಚು ಕದಲುವುದಿಲ್ಲ. ಬಾಯಿ, ಎದೆ, ದನಿ ಮೂರೂ ಒಂದೇ ಗಳಿಗೆಯವು. ಅದೇ ರಾತ್ರಿ ಹಾಡಿದ ಮೇರಿಯನ್ ಟ್ಯಾಲಿ ಎಂಬ ಎಳೆಯ ಗಾಯಕಿಗೆ ಇಂಥ ಮೆಚ್ಚುಗೆ ಸಿಗಲಿಲ್ಲ. ಮೈಕು ಎಲ್ಲರಿಗೂ ಒಲಿಯಲಿಲ್ಲ.

ಮುಂದಿನ ಎಂಟು ವರ್ಷಗಳಲ್ಲಿ ಧ್ವನಿಮುದ್ರಣ ಎಷ್ಟು ಸುಧಾರಿಸಿತೆಂದರೆ, 1934ರ ‘ಒನ್ ನೈಟ್ ಆಫ್ ಲವ್’ ಚಿತ್ರದಲ್ಲಿ ಗ್ರೇಸ್ ಮೂರ್ ಹಾಡಿದ್ದನ್ನು ಹಿಡಿದ ರೀತಿಗೆ ಆಸ್ಕರ್ ಬಹುಮಾನ ಬಂತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದೂ ಅದೇ ವರ್ಷ. ಗ್ರೇಸ್ ಮೂರ್ ಮೆಟ್ರೊಪಾಲಿಟನ್‌ನಲ್ಲಿ 1928ರಿಂದ ಹಾಡುತ್ತಿದ್ದವರು. ಅತ್ಯುತ್ತಮ ನಟಿಯ ಪ್ರಶಸ್ತಿಗೂ ಅವರ ಹೆಸರು ಸೂಚಿತವಾಗಿತ್ತು. ಆ ಚಿತ್ರ ಗಲ್ಲಾಪೆಟ್ಟಿಗೆ ತುಂಬಿಸಿದ್ದೇ ತಡ, ಪ್ರತಿಯೊಂದು ಸ್ಟುಡಿಯೊಗೂ ತನ್ನದೇ ಒಬ್ಬ ಒಪೆರಾ ತಾರೆ ಬೇಕೆನಿಸಿತು.

ಪ್ರಶ್ನೆ: ಮೂಕಿ ಚಿತ್ರಗಳ ಕಾಲದಲ್ಲಿಯೇ ಒಪೆರಾ ಗಾಯಕರು ನಟಿಸಿದ್ದರಂತೆ. ದನಿಯೇ ಇಲ್ಲದ ಚಿತ್ರದಲ್ಲಿ ಗಾಯಕರಿಗೆ ಏನು ಕೆಲಸ?
— ಓದುಗ, ಹೊನ್ನಾವರ

ಉತ್ತರ: ಮುಖಕ್ಕೆ ಕೆಲಸ, ಹೆಸರಿಗೆ ಕೆಲಸ. ಮೆಟ್ರೊಪಾಲಿಟನ್‌ನ ಹೆಸರಾಂತ ಗಾಯಕಿ ಜೆರಾಲ್ಡೀನ್ ಫರಾರ್ 1915ರಲ್ಲಿ ಸೆಸಿಲ್ ಬಿ. ಡಿಮಿಲ್ ನಿರ್ದೇಶನದ ‘ಕಾರ್ಮೆನ್’ ಮೂಕಿಯಲ್ಲಿ ನಾಯಕಿಯಾದರು. ಕಾರ್ಮೆನ್ ಎಂದರೆ ಯುರೋಪಿನವರಿಗೆ ಮೊದಲು ಕಿವಿಗೆ ಬರುವುದು ಅದೇ ಹೆಸರಿನ ಒಪೆರಾಕ್ಕೆ ಫ್ರೆಂಚ್ ಸಂಗೀತಕಾರ ಬೀಜೇ ಕೊಟ್ಟ ಸಂಗೀತ. ಆ ಸಂಗೀತದಿಂದ ಹೆಸರಾದವಳು ತೆರೆಯ ಮೇಲೆ ಮೌನವಾಗಿ ಕುಣಿದಳು, ಜಗಳವಾಡಿದಳು, ಸತ್ತಳು. ಜನ ಮುಗಿಬಿದ್ದು ನೋಡಿದರು. ಫರಾರ್ ನಟನೆ ಬಲ್ಲವರು, ಕ್ಯಾಮೆರಾಕ್ಕೆ ಹೆದರದವರು. 1918ರಲ್ಲಿ ಕರುಸೊ ಸ್ವತಃ ‘ಮೈ ಕಸಿನ್’ ಎಂಬ ಮೂಕಿಯಲ್ಲಿ, ಬಡ ಶಿಲ್ಪಿಯಾಗಿಯೂ ಅವನ ನೆಂಟನಾದ ಪ್ರಸಿದ್ಧ ಗಾಯಕನಾಗಿಯೂ ಎರಡು ಪಾತ್ರ ಮಾಡಿದರು. ಅದು ಓಡಲಿಲ್ಲ. ಮನೆಮನೆಯ ಗ್ರಾಮಫೋನಿನಲ್ಲಿ ಮುಖವಿಲ್ಲದೆ ಹಾಡುತ್ತಿದ್ದವರನ್ನು ಹಾಡಿಲ್ಲದೆ ನೋಡಲು ಜನ ದುಡ್ಡು ಕೊಡಲಿಲ್ಲ.

ಪ್ರಶ್ನೆ: ನಮ್ಮ ಅಜ್ಜ ಮುಂಬಯಿಯಲ್ಲಿ ನೌಕರಿಯಲ್ಲಿದ್ದವರು. ‘ಒಪೆರಾ ಹೌಸ್’ ಎಂದರೆ ಅವರ ಮಟ್ಟಿಗೆ ಚರ್ನಿ ರೋಡಿನ ಹತ್ತಿರದ ಒಂದು ಬಸ್ ನಿಲ್ದಾಣ ಅಷ್ಟೇ. ಆದರೆ ಬ್ರಾಹ್ಮಣ ಹುಡುಗಿಯೊಬ್ಬಳು ಗಂಟೆ ಬಾರಿಸುತ್ತ ಹಾಡುವ ಒಪೆರಾ ಹಾಡೊಂದು ಇಂಗ್ಲಿಷ್ ಸಿನಿಮಾದಲ್ಲಿ ಬರುತ್ತದೆಂದು ಅವರು ಹೇಳುತ್ತಿದ್ದ ನೆನಪು. ಅಂಥದ್ದು ಇದೆಯೇ?
— ಕಾಲೇಜು ವಿದ್ಯಾರ್ಥಿನಿ, ಕಾರವಾರ

ಉತ್ತರ: ಇದೆ ಮಗಳೇ, ಅಜ್ಜ ಸರಿಯಾಗಿಯೇ ಹೇಳಿದ್ದಾರೆ. ಕಾರವಾರದ ಎಷ್ಟೋ ಮನೆಗಳಲ್ಲಿ ಒಪೆರಾ ಎಂಬ ಶಬ್ದ ಕಾಲಿಟ್ಟದ್ದೇ ಮುಂಬಯಿಯ ಆ ಕಟ್ಟಡದ ಹೆಸರಿನಿಂದ. 1911ರಲ್ಲಿ ಉದ್ಘಾಟನೆಯಾದ ಆ ಮಂದಿರ ಮುಂದೆ ಸಿನಿಮಾ ಮಂದಿರವಾಯಿತು, ಮುಚ್ಚಿತು, 2016ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು.

ಅಜ್ಜ ಹೇಳಿದ ಹಾಡು ಫ್ರೆಂಚ್ ಸಂಗೀತಕಾರ ಲಿಯೊ ದೆಲೀಬ್ ಅವರ ‘ಲಾಕ್ಮೇ’ ಒಪೆರಾದ್ದು. ಪ್ಯಾರಿಸಿನಲ್ಲಿ ಅದು ಮೊದಲು ರಂಗಕ್ಕೆ ಬಂದದ್ದು 1883ರಲ್ಲಿ. ಯುವಕ ರವೀಂದ್ರನಾಥ ಠಾಕೂರರು ನಿಮ್ಮೂರಿನ ಕಡಲ ದಂಡೆಯಲ್ಲಿ ಅಣ್ಣನ ಮನೆಯಲ್ಲಿ ಉಳಿದಿದ್ದ ವರ್ಷವೂ ಅದೇ ಎಂಬುದು ಕಾಕತಾಳೀಯ. ಲಾಕ್ಮೇ ಎಂದರೆ ನಮ್ಮ ಲಕ್ಷ್ಮಿ ಫ್ರೆಂಚರ ನಾಲಿಗೆಯಲ್ಲಿ ತಾಳಿದ ರೂಪ. ಕಥೆ ಬ್ರಿಟಿಷರ ಕಾಲದ ಭಾರತದಲ್ಲಿ ನಡೆಯುತ್ತದೆ. ನೀಲಕಂಠನೆಂಬ ಬ್ರಾಹ್ಮಣ ಪುರೋಹಿತನ ಮಗಳು ಲಾಕ್ಮೇ. ತನ್ನ ತೋಟದ ಪಾವಿತ್ರ್ಯ ಕೆಡಿಸಿದ ಇಂಗ್ಲಿಷ್ ಅಧಿಕಾರಿ ಯಾರೆಂದು ಪತ್ತೆ ಹಚ್ಚಲು ಪುರೋಹಿತ ಒಂದು ಉಪಾಯ ಹೂಡುತ್ತಾನೆ: ಮಗಳನ್ನು ಸಂತೆಯ ನಡುವೆ ನಿಲ್ಲಿಸಿ ಹಾಡಿಸುತ್ತಾನೆ. ಆ ದನಿ ಕೇಳಿ ಅವನು ಬಂದೇ ಬರುತ್ತಾನೆಂದು ಅವನ ಲೆಕ್ಕ. ಬಲೆಯ ತುಂಡಾಗಿ ಬಳಕೆಯಾಗುವ ಹಾಡು ಅದು.

ಹಾಡಿನೊಳಗಿನ ಕಥೆ ಹೀಗಿದೆ. ಕಾಡಿನಲ್ಲಿ ಓಡಾಡುತ್ತಿದ್ದ ಹೊಲತಿಯ ಮಗಳೊಬ್ಬಳು, ಕ್ರೂರಮೃಗಗಳು ಸುತ್ತುವರಿದ ಅಪರಿಚಿತನೊಬ್ಬನನ್ನು ಕಾಣುತ್ತಾಳೆ. ಕೈಯಲ್ಲಿದ್ದ ಗಂಟೆಗಳ ಕೋಲನ್ನು ಝಣಝಣಿಸಿ ಮೃಗಗಳನ್ನು ಮರುಳುಮಾಡಿ ಅವನನ್ನು ಉಳಿಸುತ್ತಾಳೆ. ಅವನು ಯಾರೆಂದುಕೊಂಡಿರಿ? ಬ್ರಹ್ಮನ ಮಗ ವಿಷ್ಣು! ನಾಭಿಕಮಲದಿಂದ ಹುಟ್ಟಿದವರು ಯಾರು, ಹುಟ್ಟಿಸಿದವರು ಯಾರು ಎಂಬುದನ್ನು ಪ್ಯಾರಿಸಿನ ಕವಿಗಳು ತಿರುವುಮುರುವು ಮಾಡಿದ್ದಾರೆ. ತಾಳಮದ್ದಳೆಯ ಅರ್ಥಧಾರಿಗಳ ಕೈಗೆ ಸಿಕ್ಕಿದ್ದರೆ ಬೆಳಗಾಗುವವರೆಗೆ ಬಿಡುತ್ತಿರಲಿಲ್ಲ.

ಆದರೆ ಸಂಗೀತ? ಹಾಡು ಶುರುವಾಗುವುದು ಮಾತಿಲ್ಲದೆ, ಪಕ್ಕವಾದ್ಯವೂ ಹೆಚ್ಚುಕಡಿಮೆ ಇಲ್ಲದೆ, ಬರೀ ‘ಆ’ಕಾರದಲ್ಲಿ. ಹಿಂದೂಸ್ತಾನಿ ಕೇಳುವವರಿಗೆ ಒಂದು ಕ್ಷಣ ಆಲಾಪದ ನೆನಪಾಗುತ್ತದೆ. ರಾಗವೇನೂ ಅದರಲ್ಲಿಲ್ಲ, ಪೂರ್ವದೇಶ ಎಂದರೆ ಹೀಗಿರಬಹುದೆಂಬ ಫ್ರೆಂಚ್ ಊಹೆ. ಆಮೇಲೆ ಕಥೆ ಬರುತ್ತದೆ, ಅದಾದ ಮೇಲೆ ಗಂಟೆಯ ಭಾಗ. ವಾದ್ಯವೃಂದದ ಗಂಟೆಸದ್ದಿನ ಜೊತೆ ಕಂಠ ಪೈಪೋಟಿಗೆ ಇಳಿಯುತ್ತದೆ. ಒಂದೊಂದು ಸ್ವರವೂ ಬಿಡಿಬಿಡಿ, ಕಂಚಿಗೆ ತಾಗಿ ಚಿಮ್ಮಿದಂತೆ. ಕೊನೆಯಲ್ಲಿ ದನಿ ಎಷ್ಟು ಮೇಲೇರುತ್ತದೆಂದರೆ ಅಲ್ಲಿಗೆ ಹೋಗುವ ಧೈರ್ಯ ಮಾಡುವ ಗಾಯಕಿಯರು ಯಾವ ಕಾಲದಲ್ಲಿಯೂ ಕೆಲವರೇ.

ಆ ಕೆಲವರಲ್ಲಿ ಅಗ್ರಗಣ್ಯೆ ಲಿಲಿ ಪೋನ್ಸ್, ಫ್ರಾನ್ಸಿನಲ್ಲಿ ಹುಟ್ಟಿ ಮೆಟ್ರೊಪಾಲಿಟನ್‌ನಲ್ಲಿ ಬೆಳಗಿದ ಪುಟ್ಟ ಆಳ್ತನದ ಗಾಯಕಿ. 1935ರ ‘ಐ ಡ್ರೀಮ್ ಟೂ ಮಚ್’ ಚಿತ್ರದಲ್ಲಿ ಅವರು ಈ ಹಾಡನ್ನು ಹಾಡಿದ್ದಾರೆ. 1947ರ ‘ಕಾರ್ನೆಗಿ ಹಾಲ್’ ಚಿತ್ರದಲ್ಲಿ ಮತ್ತೊಮ್ಮೆ. ಅಜ್ಜ ನೋಡಿದ್ದು ಇವೆರಡರಲ್ಲಿ ಒಂದಿರಬಹುದು. ಮೊದಲನೆಯ ಚಿತ್ರದ ಕಥೆ ನೀರುಮಜ್ಜಿಗೆ; ಹಾಡಿನ ಹೊತ್ತಿಗೆ ಮಾತ್ರ ಎದ್ದು ಕೂರಬೇಕು. ವಿಷ್ಣುವನ್ನು ಉಳಿಸಿದ ಹುಡುಗಿಯ ಹಾಡನ್ನು ಮನೆಮಾತಾಗಿಸಿದ ಈ ಗಾಯಕಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತ ಮತ್ತು ಬರ್ಮಾದ ಸೈನಿಕ ಶಿಬಿರಗಳಿಗೂ ಬಂದು ಹಾಡಿ ಹೋದರು.

ಪ್ರಶ್ನೆ: ಹಾಗಾದರೆ ಹಾಲಿವುಡ್‌ನಲ್ಲಿ ಒಬ್ಬರ ಮುಖಕ್ಕೆ ಇನ್ನೊಬ್ಬರ ಒಪೆರಾ ಕಂಠ ಅಂಟಿಸಿದ್ದೇ ಇಲ್ಲವೇ? ಅಂಟಿಸಿದ್ದರೆ ಅದು ಮೋಸವಲ್ಲವೇ?
— ಯಕ್ಷಗಾನ ಅಭಿಮಾನಿ, ಸಿದ್ದಾಪುರ

ಉತ್ತರ: ಬೇಕಾದಷ್ಟು ಅಂಟಿಸಿದ್ದಾರೆ. ಆದರೆ ಮೋಸ ಎನ್ನುವ ಶಬ್ದವನ್ನು ತಾವು ಬಳಸಿದ್ದು ನೋಡಿ ನಗು ಬಂತು ಮಾರಾಯರೇ. ಇಡೀ ರಾತ್ರಿ ಹಿಮ್ಮೇಳದ ಕಂಠಕ್ಕೆ ಮುಮ್ಮೇಳ ಕುಣಿಯುವುದನ್ನು ನೋಡಿ ಕಣ್ಣೀರು ಹಾಕುವವರು ನಾವು. ದಮಯಂತಿಯ ದುಃಖವನ್ನು ಭಾಗವತರು ಹಾಡುತ್ತಾರೆ, ದಮಯಂತಿಯ ವೇಷ ಕಣ್ಣಿನಲ್ಲಿ, ಕೈಯಲ್ಲಿ ಅದನ್ನು ತೋರಿಸುತ್ತದೆ. ಯಾರೂ ಮೋಸವೆನ್ನುವುದಿಲ್ಲ, ಏಕೆಂದರೆ ಭಾಗವತರು ಎಲ್ಲರ ಕಣ್ಣೆದುರಿಗೇ ಕುಳಿತಿರುತ್ತಾರೆ. ಹಾಲಿವುಡ್‌ನ ತಕರಾರು ಹುಟ್ಟಿದ್ದು ಭಾಗವತರನ್ನು ಗೋಡೆಯ ಹಿಂದೆ ಕೂರಿಸಿದ್ದರಿಂದ.

ಮೂರು ನಾಲ್ಕು ಬಗೆ ನೋಡಿ. 1935ರ ‘ಎ ನೈಟ್ ಅಟ್ ದಿ ಒಪೆರಾ’ ಒಂದು ನಗೆಚಿತ್ರ. ಮಾರ್ಕ್ಸ್ ಸಹೋದರರೆಂಬ ಹಾಸ್ಯನಟರು ಅದರಲ್ಲಿ ಇಟಲಿಯ ಸಂಗೀತಕಾರ ವೆರ್ದಿಯ ‘ಇಲ್ ತ್ರೊವಾತೊರೆ’ ಒಪೆರಾದ ಪ್ರದರ್ಶನವನ್ನು ಹಾಳುಗೆಡವುತ್ತಾರೆ. ಅದರ ನಾಯಕಿ ಕಿಟ್ಟಿ ಕಾರ್ಲೈಲ್ ಹಾಡಲು ಬಲ್ಲವರು. ಚಿತ್ರೀಕರಣಕ್ಕೆ ಬಂದು ನೋಡಿದರೆ, ಬೇರೊಬ್ಬರ ದನಿಗೆ ತುಟಿ ಆಡಿಸಬೇಕೆಂದರಂತೆ. ಅವರು ಅಲ್ಲಿಂದ ಎದ್ದು ನಡೆದುಬಿಟ್ಟರು. ಕಡೆಗೆ ಸ್ಟುಡಿಯೊ ಮಣಿದು ಅವರಿಂದಲೇ ಹಾಡಿಸಿತು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮೂರು ದಶಕಗಳ ಮೇಲೆ, 1966ರ ಕೊನೆಯ ದಿನ, ಅದೇ ಕಾರ್ಲೈಲ್ ಮೆಟ್ರೊಪಾಲಿಟನ್‌ನ ರಂಗವನ್ನೂ ಏರಿದರು.

ಇದಕ್ಕೆ ತಿರುಗುಮುರುಗಾದದ್ದು 1941ರ ‘ಸಿಟಿಜನ್ ಕೇನ್’. ಕೋಟ್ಯಧೀಶನೊಬ್ಬ ಹಾಡಲು ಬಾರದ ಹೆಂಡತಿಗಾಗಿ ಒಪೆರಾ ಮಂದಿರವನ್ನೇ ಕಟ್ಟಿಸಿ, ಅವಳನ್ನು ರಂಗಕ್ಕೆ ತಳ್ಳುವ ಕಥೆ. ಇಲ್ಲಿ ಬೇಕಾಗಿದ್ದದ್ದು ಸೋಲುವ ಆರಿಯಾ. ಸಂಗೀತಕಾರ ಬರ್ನಾರ್ಡ್ ಹರ್ಮನ್ ಇಲ್ಲದ ಒಪೆರಾವೊಂದಕ್ಕೆ ಹಾಡು ಬರೆದು, ಅದನ್ನು ಬೇಕೆಂದೇ ಏರುಸ್ವರದಲ್ಲಿಟ್ಟು, ಮೇಲಿಂದ ದೊಡ್ಡ ವಾದ್ಯವೃಂದವನ್ನು ಹೇರಿದರು. ಜೀನ್ ಫಾರ್ವರ್ಡ್ ಎಂಬ ಗಾಯಕಿ, ತಮ್ಮ ಹಗುರವಾದ ಕಂಠ ಆ ಮಹಾಪೂರದಲ್ಲಿ ಮುಳುಗುವಂತೆ ಅದನ್ನು ಹಾಡಿದರು. ಬಾಯಿ ಆಡಿಸಿದವರು ನಟಿ ಡೊರೊಥಿ ಕಮಿಂಗೋರ್. ಕಲಿತವರು ಕಲಿಯದವರಂತೆ ಹಾಡುವುದು ಎಷ್ಟು ಕಷ್ಟವೆಂದು ಶಿರಸಿಯ ಅಕ್ಕೋರನ್ನು ಕೇಳಿದರೆ ಹೇಳುತ್ತಾರೆ. ಎರವಲು ದನಿಯ ಅತ್ಯಂತ ಜಾಣ ಬಳಕೆ ಇದೇ ಎಂಬುದು ನನ್ನ ಎಣಿಕೆ.

ಮನಸ್ಸಿಗೆ ಸ್ವಲ್ಪ ಕಸಿವಿಸಿ ಎನಿಸುವುದು 1954ರ ‘ಕಾರ್ಮೆನ್ ಜೋನ್ಸ್’. ಬೀಜೇ ಸಂಗೀತಕ್ಕೆ ಇಂಗ್ಲಿಷ್ ಸಾಹಿತ್ಯ ಹೊಸೆದು, ಕಥೆಯನ್ನು ಅಮೆರಿಕದ ಕಪ್ಪುಜನರ ನಡುವೆ ನಡೆಸಿದ ಚಿತ್ರ. ನಾಯಕಿ ಡೊರೊಥಿ ಡ್ಯಾಂಡ್ರಿಜ್, ನಾಯಕ ಹ್ಯಾರಿ ಬೆಲಫಾಂಟೆ ಇಬ್ಬರೂ ಸ್ವತಃ ಹೆಸರಾಂತ ಹಾಡುಗಾರರು. ಆದರೆ ಅವರದು ಒಪೆರಾದ ಕಂಠವಲ್ಲವೆಂದು ಇಬ್ಬರ ದನಿಯನ್ನೂ ತೆಗೆದು ಬೇರೆಯವರದನ್ನು ಹಾಕಿದರು. ಬೆಲಫಾಂಟೆಗೆ ಲೆವರ್ನ್ ಹಚರ್ಸನ್ ಹಾಡಿದರು. ಡ್ಯಾಂಡ್ರಿಜ್‌ಗೆ ಹಾಡಿದವರು 20 ವರ್ಷದ ಬಿಳಿಯ ಹುಡುಗಿ ಮರಿಲಿನ್ ಹಾರ್ನ್. ನಟಿ ಮಾತಾಡುವಾಗಿನ ದನಿಯ ಬಣ್ಣ ಹಾಡಿನಲ್ಲಿಯೂ ಉಳಿಯುವಂತೆ ಹಾರ್ನ್ ತಮ್ಮ ಕಂಠವನ್ನು ಬಗ್ಗಿಸಿದ್ದು ಸಣ್ಣ ವಿದ್ಯೆಯಲ್ಲ. ಅವರು ಮುಂದೆ ಅದೇ ಶತಮಾನದ ಅತಿ ದೊಡ್ಡ ಮೆಝೊ, ಅಂದರೆ ಹೆಣ್ಣುದನಿಗಳಲ್ಲಿ ನಡುಶ್ರುತಿಯ, ಗಾಯಕಿಯರಲ್ಲಿ ಒಬ್ಬರಾದರು. ಡ್ಯಾಂಡ್ರಿಜ್ ಈ ಪಾತ್ರಕ್ಕಾಗಿ ಅತ್ಯುತ್ತಮ ನಟಿಯ ಆಸ್ಕರ್‌ಗೆ ಸೂಚಿತರಾದ ಮೊದಲ ಕಪ್ಪು ಮಹಿಳೆಯಾದರು. ಇಬ್ಬರಿಗೂ ಒಳ್ಳೆಯದೇ ಆಯಿತು ಎನ್ನೋಣವೇ? ಹಾಡಬಲ್ಲವಳ ಬಾಯಿ ಮುಚ್ಚಿಸಿದ್ದು ನನಗಂತೂ ಒಗ್ಗುವುದಿಲ್ಲ.

ನಮ್ಮಲ್ಲಿಯೂ ಇಂಥದ್ದು ಉಂಟು. 1956ರ ‘ಬಸಂತ್ ಬಹಾರ್’ ಹಿಂದಿ ಚಿತ್ರದ ಸಂಗೀತ ಸ್ಪರ್ಧೆಯಲ್ಲಿ ನಮ್ಮ ಗದಗದ ಭೀಮಸೇನ ಜೋಶಿಯವರ ಕಂಠ ಸೋಲಬೇಕು, ನಾಯಕನಿಗೆ ಹಾಡಿದ ಮನ್ನಾ ಡೇ ಅವರ ಕಂಠ ಗೆಲ್ಲಬೇಕು. ಕಥೆಯ ಕಟ್ಟಳೆ ಹಾಗಿತ್ತು. ಭೀಮಸೇನರನ್ನು ಸೋಲಿಸುವುದೆಂದರೆ ಏನೆಂದು ಮನ್ನಾ ಡೇ ಅವರೇ ಅಳುಕಿದ್ದರು.

ಪ್ರಶ್ನೆ: ಒಂದೇ ಒಂದು ಚಿತ್ರ ನೋಡುವಷ್ಟು ಬಿಡುವಿದೆ. ಯಾವುದನ್ನು ನೋಡಲಿ?
— ಓದುಗ, ಅಂಕೋಲಾ

ಉತ್ತರ: ಒಂದೇ ಆದರೆ ‘ಒನ್ ನೈಟ್ ಆಫ್ ಲವ್’. ಮೆಟ್ರೊಪಾಲಿಟನ್‌ನ ಗಾಯಕ ಲಾರೆನ್ಸ್ ಟಿಬೆಟ್ ಅವರ 1930ರ ‘ದಿ ರೋಗ್ ಸಾಂಗ್’ ಎಂದು ಹೇಳುತ್ತಿದ್ದೆ. ಆದರೆ ಆ ಚಿತ್ರದ ಹೆಚ್ಚಿನ ಭಾಗ ಕಳೆದುಹೋಗಿ, ದನಿಯ ತಟ್ಟೆಗಳೇ ಹೆಚ್ಚು ಉಳಿದಿವೆ. ನಾರ್ವೆಯ ಒಪೆರಾ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ‘ದಿ ಬಿಗ್ ಬ್ರಾಡ್‌ಕಾಸ್ಟ್ ಆಫ್ 1938’ ಎಂಬ ಹಾಸ್ಯಚಿತ್ರದ ನಡುವೆ ಈಟಿ ಹಿಡಿದು ಬಂದು ಜರ್ಮನ್ ಸಂಗೀತಕಾರ ವಾಗ್ನರನ ಒಪೆರಾದ ರಣಘೋಷ ಕೂಗಿ ಹೋಗುವುದನ್ನು ಬೇಕಿದ್ದರೆ ಬೇರೆಯಾಗಿ ಹುಡುಕಿ ನೋಡಿ, ಕೆಲವೇ ನಿಮಿಷದ್ದು. ಮದುವೆ ಮನೆಗೆ ಬಡಗುತಿಟ್ಟಿನ ಬಣ್ಣದ ವೇಷ ನುಗ್ಗಿದಂತಿದೆ.

ಗ್ರೇಸ್ ಮೂರ್ ಚಿತ್ರವನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಹೆಡ್‌ಫೋನ್ ಬಳಸಿ. ಕೊನೆಯ ಹತ್ತು ನಿಮಿಷ ಎದ್ದು ಹೋಗಬೇಡಿ. ಮೆಟ್ರೊಪಾಲಿಟನ್‌ನ ರಂಗದ ಮೇಲೆ ಜಪಾನಿ ಉಡುಗೆಯಲ್ಲಿ ನಿಂತ ನಾಯಕಿಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಜಗಳವಾಡಿ ದೂರವಾದ ಗುರು ಬಂದಿಲ್ಲವೆಂಬ ಅಳುಕು. ಕಡಲಾಚೆಯಿಂದ ಗಂಡನ ಹಡಗು ಬಂದೇ ಬರುತ್ತದೆಂದು ಕಾಯುವ ಹೆಂಡತಿಯ ಆರಿಯಾ ಅವಳು ಹಾಡಬೇಕಾಗಿರುವುದು. ಆಗ ರಂಗದ ಅಂಚಿನಲ್ಲಿ, ಮಾತು ಮರೆತವರಿಗೆ ಹೇಳಿಕೊಡುವವನು ಕೂರುವ ಪುಟ್ಟ ಗೂಡಿನಲ್ಲಿ, ಗುರುವಿನ ಮುಖ ಕಾಣುತ್ತದೆ. ಅಲ್ಲಿಂದ ಅವಳ ದನಿ ನೆಟ್ಟಗಾಗುತ್ತದೆ. ಆ ಕಂಠವೂ ವೇಷವೂ ಗ್ರೇಸ್ ಮೂರ್ ಅವರದೇ.